ಲೈವ್ ಕಾಣ್ತದೆ, ಪ್ಲೇಬ್ಯಾಕ್ ಖಾಲಿ: ಮನೆ ಕ್ಯಾಮೆರಾದ ಮೆಮೊರಿ ಕಾರ್ಡ್ ಪದೇ ಪದೇ ಯಾಕೆ ಹಾಳಾಗ್ತದೆ?

ಪ್ರಶ್ನೆ: ನಮಸ್ಕಾರ ಅಣ್ಣ, ನಾವಿರೋದು ಡೊಂಬಿವಲಿ ಈಸ್ಟ್, ಊರು ಕುಂದಾಪುರದ ಹತ್ರ. ಸೇಫ್ಟಿ ಡೋರ್ ಮೇಲೆ ಪ್ಯಾಸೇಜ್ ಕಾಣೋ ಹಾಗೆ ಒಂದು ತಿರುಗೋ ವೈಫೈ ಕ್ಯಾಮೆರಾ ಹಾಕಿಸಿದ್ವಿ, 64 ಜಿಬಿ ಕಾರ್ಡ್, 24 ಗಂಟೆ ರೆಕಾರ್ಡಿಂಗ್. ಮೇ 2ಕ್ಕೆ ಎಲ್ಲರೂ ಊರಿಗೆ ಹೋದ್ವಿ, 22ಕ್ಕೆ ವಾಪಸ್ ಬಂದ್ರೆ ಪ್ಯಾಸೇಜ್‌ನಲ್ಲಿ ಬೀಗ ಹಾಕಿ ಇಟ್ಟಿದ್ದ ಮಗನ ಹೊಸ ಸೈಕಲ್ ಇಲ್ಲ. 12ನೇ ತಾರೀಕು ಸೈಕಲ್ ಅಲ್ಲೇ ಇತ್ತು ಅಂತ ಎದುರು ಮನೆಯವ್ರು ಹೇಳ್ತಾರೆ. ಪ್ಲೇಬ್ಯಾಕ್ ತೆಗೆದ್ರೆ 6ನೇ ತಾರೀಕಿನವರೆಗೆ ಮಾತ್ರ ವಿಡಿಯೋ ಇದೆ, ಆಮೇಲೆ ಏನೂ ಇಲ್ಲ. ಊರಲ್ಲಿದ್ದಾಗ ದಿನಾ ಮೊಬೈಲಲ್ಲಿ ಲೈವ್ ನೋಡ್ತಿದ್ದೆ, ಎಲ್ಲ ಸರಿ ಇತ್ತು. ಈಗ ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದ್ರೆ ‘ಕಾರ್ಡ್ ಅಬ್‌ನಾರ್ಮಲ್, ಫಾರ್ಮ್ಯಾಟ್ ಮಾಡಿ’ ಅಂತ ಬರ್ತದೆ. ಅಂಗಡಿಯವ್ರು ಫಾರ್ಮ್ಯಾಟ್ ಮಾಡಿ ಅಂತಾರೆ, ತಮ್ಮ ಕಾರ್ಡನ್ನ ಫೋನಿಗೆ ಹಾಕಿ ನೋಡಿ ‘ಕಾರ್ಡ್ ಚೆನ್ನಾಗಿದೆ, ಕ್ಯಾಮೆರಾನೇ ಡಬ್ಬಾ’ ಅಂತಾನೆ. ಇದು ಎರಡನೇ ಕಾರ್ಡ್, ಮೊದಲನೇದೂ ವರ್ಷದೊಳಗೆ ಹೀಗೇ ಹೋಯ್ತು. ಇನ್ನೊಂದು, ರಾತ್ರಿ ಕ್ಯಾಮೆರಾ ತಾನಾಗೇ ಆಚೆ ಈಚೆ ತಿರುಗ್ತದೆ ಅಂತ ಅತ್ತೆ ಹೇಳ್ತಿರ್ತಾರೆ, ಯಾರಾದ್ರೂ ಹ್ಯಾಕ್ ಮಾಡಿದ್ದಾರಾ ಅಂತ ಅವರಿಗೆ ಭಯ. ಹಳೆ ವಿಡಿಯೋ ಸಿಗ್ತದಾ? ಇನ್ಮುಂದೆ ಹೀಗಾಗ್ದಿರೋ ಹಾಗೆ ಏನು ಮಾಡ್ಬೇಕು?

ಉತ್ತರ: ಅಕ್ಕ, ಮೊದಲು ಒಂದೇ ಮಾತು, ಫಾರ್ಮ್ಯಾಟ್ ಬಟನ್ ಒತ್ತಬೇಡಿ. ಕ್ಯಾಮೆರಾದ ಪ್ಲಗ್ ತೆಗೀರಿ, ಆಮೇಲೆ ಕಾರ್ಡ್ ಹೊರಗೆ ತೆಗೆದು ಒಂದು ಸಣ್ಣ ಕವರ್‌ನಲ್ಲಿ ಹಾಕಿ ತಾರೀಕು ಬರೆದಿಡಿ. ತಮ್ಮನಿಗೂ ಹೇಳಿ, ಮತ್ತೆ ಫೋನಿಗೆ ಹಾಕೋದು ಬೇಡ ಅಂತ, ಯಾಕಂದ್ರೆ ಫೋನ್ ತನ್ನ ಪಾಡಿಗೆ ಅದರಲ್ಲಿ ಒಂದೆರಡು ಫೋಲ್ಡರ್ ಮಾಡ್ಲಿಕ್ಕೆ ಹೋಗ್ತದೆ, ವಿಡಿಯೋ ಹುಡುಕಬೇಕಾದ ಕಾರ್ಡಿಗೆ ಈಗ ಹೊಸದಾಗಿ ಏನೂ ಬರೀಬಾರ್ದು. ಕಂಪ್ಯೂಟರ್‌ಗೆ ಹಾಕಿದಾಗ ‘ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಕು’ ಅಂತಲೋ ‘ಸ್ಕ್ಯಾನ್ ಆಂಡ್ ಫಿಕ್ಸ್’ ಅಂತಲೋ ವಿಂಡೋಸ್ ಕೇಳ್ತದೆ, ಎರಡಕ್ಕೂ ಕ್ಯಾನ್ಸಲ್ ಕೊಡಿ.

ಎರಡನೇ ಕೆಲ್ಸ ಇವತ್ತೇ ಆಗ್ಬೇಕು, ನಾಳೆ ಅಲ್ಲ. ನಿಮ್ಮ ಸೊಸೈಟಿ ಗೇಟಲ್ಲೋ ಲಿಫ್ಟ್ ಹತ್ರವೋ ಕ್ಯಾಮೆರಾ ಇದ್ರೆ ಸೆಕ್ರೆಟರಿ ಹತ್ರ ಹೋಗಿ ಮೇ 12ರಿಂದ 22ರವರೆಗಿನ ರೆಕಾರ್ಡಿಂಗ್ ಬೇರೆ ಪೆನ್‌ಡ್ರೈವ್‌ಗೆ ತೆಗೆದಿಡ್ಲಿಕ್ಕೆ ಹೇಳಿ, ಬಾಯಲ್ಲಿ ಹೇಳಿದ್ರೆ ಸಾಲದು, ಒಂದು ಚೀಟಿ ಬರೆದು ಕೊಡಿ. ಸೊಸೈಟಿ ಡಿವಿಆರ್‌ನ (ಎಲ್ಲ ಕ್ಯಾಮೆರಾದ ವಿಡಿಯೋ ರೆಕಾರ್ಡ್ ಮಾಡೋ ಪೆಟ್ಟಿಗೆ) ಹಾರ್ಡ್‌ಡಿಸ್ಕ್ ಕೂಡ ತುಂಬಿದ ಮೇಲೆ ಹಳೇದನ್ನ ಅಳಿಸ್ತಾ ಹೋಗ್ತದೆ, ಕೆಲವು ಕಡೆ 15 ದಿನ, ಕೆಲವು ಕಡೆ ತಿಂಗಳು, ಎಷ್ಟು ಕ್ಯಾಮೆರಾ ಎಷ್ಟು ದೊಡ್ಡ ಡಿಸ್ಕ್ ಅನ್ನೋದರ ಮೇಲೆ. ಸೈಕಲ್ ಬಾಲ್ಕನಿಯಿಂದ ಹಾರಿ ಹೋಗಿರಲ್ಲ, ಗೇಟ್ ದಾಟಿಯೇ ಹೋಗಿರ್ಬೇಕು. ನಿಮ್ಮ ಕಾರ್ಡಿಗಿಂತ ಅಲ್ಲಿ ಸಿಗೋ ಸಾಧ್ಯತೆನೇ ಜಾಸ್ತಿ ಅಂತ ನನಗನಿಸ್ತದೆ.

ಯಾಕೆ ಹಾಗಂದೆ ಅಂದ್ರೆ, 6ರ ನಂತರದ ವಿಡಿಯೋ ನಿಮ್ಮ ಕಾರ್ಡಲ್ಲಿ ‘ಅಳಿಸಿ’ ಹೋಗಿಲ್ಲ ಅಕ್ಕ, ಅದು ಬರೆದೇ ಇಲ್ಲ ಅಂತ ಕಾಣ್ತದೆ. ಬರೆದು ಅಳಿಸಿದ್ದನ್ನ ಕೆಲವು ಸಲ ವಾಪಸ್ ತರಬಹುದು, ಬರೆಯದೇ ಇದ್ದದ್ದನ್ನ ಯಾವ ಸಾಫ್ಟ್‌ವೇರೂ ತರಲ್ಲ. ಆದ್ರೆ ಒಂದು ಸಣ್ಣ ಆಸೆ ಇಟ್ಕೊಳ್ಳಬಹುದು, ಕೆಲವು ಸಲ ವಿಡಿಯೋ ಫೈಲ್ ಇದ್ದೇ ಇರ್ತದೆ, ಯಾವ ತಾರೀಕಿನದ್ದು ಎಲ್ಲಿದೆ ಅನ್ನೋ ಪಟ್ಟಿ ಮಾತ್ರ ಕೆಟ್ಟಿರ್ತದೆ, ಆಗ ಆ್ಯಪ್‌ನ ಟೈಮ್‌ಲೈನ್ ಖಾಲಿ ಕಾಣ್ತದೆ. ಅದಕ್ಕೆ ನೋಡೋದರಲ್ಲಿ ತಪ್ಪಿಲ್ಲ. ಕ್ರಮ ಹೀಗೆ: ಒಳ್ಳೆ ಕಾರ್ಡ್ ರೀಡರ್ ತಗೊಂಡು ಕಂಪ್ಯೂಟರ್‌ಗೆ ಹಾಕಿ ಮೊದಲು ಇಡೀ ಕಾರ್ಡಿನ ಒಂದು ಇಮೇಜ್ ಕಾಪಿ, ಅಂದ್ರೆ ಕಾರ್ಡಲ್ಲಿರೋದೆಲ್ಲ ಇದ್ದ ಹಾಗೇ ಒಂದು ಫೈಲಿಗೆ ನಕಲು, ಮಾಡ್ಕೊಳ್ಳಿ, ವಿನ್32 ಡಿಸ್ಕ್ ಇಮೇಜರ್ ಥರದ ಉಚಿತ ಸಾಫ್ಟ್‌ವೇರ್‌ನಲ್ಲಿ ‘ರೀಡ್’ ಕೊಟ್ರೆ ಆಗ್ತದೆ. ಅಲ್ಲಿ ‘ರೈಟ್’ ಅಂತ ಪಕ್ಕದಲ್ಲೇ ಇನ್ನೊಂದು ಬಟನ್ ಇದೆ, ಅದನ್ನ ಒತ್ತಿದ್ರೆ ಕಾರ್ಡಲ್ಲಿ ಇದ್ದದ್ದೂ ಹೋಗ್ತದೆ, ಹುಷಾರು. ಆಮೇಲೆ ಹುಡುಕೋದೆಲ್ಲ ಆ ಕಾಪಿಯಲ್ಲಿ, ಫೋಟೋರೆಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದು ಪಟ್ಟಿ ಬಿಟ್ಟು ನೇರವಾಗಿ ಫೈಲ್ ಹುಡುಕ್ತದೆ. ಇದೆಲ್ಲ ಅಭ್ಯಾಸ ಇಲ್ಲ ಅಂದ್ರೆ ಡೇಟಾ ರಿಕವರಿ ಮಾಡೋರ ಹತ್ರ ಕೊಡಿ, ಆದ್ರೆ ಸಿಕ್ಕಿದ್ರೆ ಮಾತ್ರ ದುಡ್ಡು ಅಂತ ಮೊದ್ಲೇ ಮಾತಾಡ್ಕೊಳ್ಳಿ. ಎಲ್ಲ ಕ್ಯಾಮೆರಾದಲ್ಲೂ ಇದು ಕೆಲ್ಸ ಮಾಡಲ್ಲ ಅನ್ನೋದೂ ಗೊತ್ತಿರ್ಲಿ. ಕೆಲವು ಕಂಪನಿಯವು ಒಂದೊಂದು ನಿಮಿಷದ ಫೈಲ್ ಮಾಡಿ ಇಡ್ತವೆ, ಅವು ಸುಲಭ, ಕೆಲವು ಮೊದ್ಲೇ ಇಡೀ ಕಾರ್ಡನ್ನ ದೊಡ್ಡ ದೊಡ್ಡ ಫೈಲ್‌ಗಳಿಂದ ತುಂಬಿ ಅದರೊಳಗೆ ತಮ್ಮದೇ ರೀತಿಯಲ್ಲಿ ಬರೀತವೆ, ಕೆಲವು ಎನ್‌ಕ್ರಿಪ್ಟ್ ಮಾಡ್ತವೆ, ಅಂದ್ರೆ ಬೇರೆಯವ್ರಿಗೆ ಓದ್ಲಿಕ್ಕಾಗದ ಗುಪ್ತ ರೂಪದಲ್ಲಿ ಇಡ್ತವೆ.

ಈಗ ಒಂದು ಕಹಿ ವಿಷಯ ಹೇಳ್ಬೇಕು, ಯಾಕಂದ್ರೆ ಇದು ಗೊತ್ತಾಗದಿದ್ರೆ ಮುಂದಿನ ಮೇನಲ್ಲೂ ಇದೇ ಆಗ್ತದೆ. ನಿಮ್ಮ ಕಾರ್ಡ್ ಹಾಳಾಗದೇ ಇದ್ದಿದ್ರೂ ಆ ವಿಡಿಯೋ ಬಹುಶಃ ಸಿಗ್ತಿರ್ಲಿಲ್ಲ. ಲೆಕ್ಕ ನೋಡಿ. ಸಾಧಾರಣ ಫುಲ್ ಎಚ್‌ಡಿ ಮನೆ ಕ್ಯಾಮೆರಾ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಬರೀತದೆ ಅಂತ ಇಟ್ಕೊಳ್ಳಿ, 8 ಬಿಟ್‌ಗೆ ಒಂದು ಬೈಟ್, ಅಂದ್ರೆ ಸೆಕೆಂಡಿಗೆ ಕಾಲು ಎಂಬಿ, ದಿನಕ್ಕೆ 86,400 ಸೆಕೆಂಡ್, ಒಟ್ಟು 21.6 ಜಿಬಿ. 64 ಜಿಬಿ ಕಾರ್ಡ್ ಮೂರೇ ದಿನಕ್ಕೆ ತುಂಬ್ತದೆ, ನಾಲ್ಕನೇ ದಿನ ಮೊದಲನೇ ದಿನದ ಮೇಲೆ ಬರೆಯೋಕೆ ಶುರು. ನಿಮ್ಮ ಕ್ಯಾಮೆರಾದಲ್ಲಿ ವಿಡಿಯೋವನ್ನ ಇನ್ನೂ ಕುಗ್ಗಿಸಿ ಬರೆಯೋ ಎಚ್.265 ವಿಧಾನ ಇದ್ದು ಅರ್ಧದಷ್ಟೇ ಬರೆದ್ರೂ ಆರು ದಿನ ಅಷ್ಟೇ. ನೀವು ಬಂದದ್ದು 22ಕ್ಕೆ, ಸೈಕಲ್ 13ಕ್ಕೋ 14ಕ್ಕೋ ಹೋಗಿದ್ರೆ ಆ ದಿನ ಯಾವತ್ತೋ ಅಳಿಸಿ ಆಗಿರ್ತಿತ್ತು. ಕ್ಯಾಮೆರಾ ಹಾಕಿಸಿದವ್ರು ಇದನ್ನ ಹೇಳೋದೇ ಇಲ್ಲ, ‘64 ಜಿಬಿ ಹಾಕಿದ್ದೇನೆ ಮೇಡಂ, ಬೇಕಾದಷ್ಟಾಯ್ತು’ ಅಂದು ಹೋಗ್ತಾರೆ, ಮನೆಯವ್ರು ತಿಂಗಳುಗಟ್ಟಲೆ ರೆಕಾರ್ಡಿಂಗ್ ಇದೆ ಅಂತ ನಂಬ್ಕೊಂಡಿರ್ತಾರೆ. ಮುಂಬೈಯಲ್ಲಿರೋ ನಮ್ಮೂರಿನವ್ರಿಗೆ ಇದು ವಿಶೇಷವಾಗಿ ಹೊಡೀತದೆ, ಯಾಕಂದ್ರೆ ಮೇನಲ್ಲಿ ಹೋದ್ರೆ ಹದಿನೈದು ಇಪ್ಪತ್ತು ದಿನ ಊರಲ್ಲೇ, ಮನೆ ಪೂರ್ತಿ ಖಾಲಿ.

ಊರಲ್ಲಿ ಲೈವ್ ಸರಿ ಬರ್ತಿತ್ತಲ್ಲ ಅಂತ ಕೇಳಿದ್ರಿ. ಲೈವ್‌ಗೂ ಕಾರ್ಡಿಗೂ ಸಂಬಂಧ ಇಲ್ಲ. ಲೆನ್ಸ್‌ನಿಂದ ಬಂದ ಚಿತ್ರ ಕ್ಯಾಮೆರಾದ ಚಿಪ್‌ಗೆ ಹೋಗ್ತದೆ, ಅಲ್ಲಿಂದ ಒಂದು ದಾರಿ ವೈಫೈ ಮೂಲಕ ನಿಮ್ಮ ಫೋನಿಗೆ, ಇನ್ನೊಂದು ದಾರಿ ಕಾರ್ಡಿಗೆ. ಕಾರ್ಡಿನ ದಾರಿ ಪೂರ್ತಿ ಮುಚ್ಚಿಹೋದ್ರೂ ಲೈವ್ ಆರಾಮಾಗಿ ಬರ್ತದೆ. ಇನ್ನೂ ತೊಂದ್ರೆ ಏನಂದ್ರೆ ಎಷ್ಟೋ ಕ್ಯಾಮೆರಾಗಳು ಆನ್ ಆಗೋವಾಗ ಮಾತ್ರ ಕಾರ್ಡನ್ನ ಸರಿಯಾಗಿ ಪರೀಕ್ಷೆ ಮಾಡ್ತವೆ, ನಡುವೆ ಕೈಕೊಟ್ರೆ ಆ್ಯಪ್‌ನಲ್ಲಿ ‘ನಾರ್ಮಲ್’ ಅಂತಲೇ ತೋರಿಸ್ತಾ ಇರ್ತದೆ. ಆಫ್ ಮಾಡಿ ಆನ್ ಮಾಡಿದ ಮೇಲೆ ನಿಮಗೆ ಅಬ್‌ನಾರ್ಮಲ್ ಅಂತ ಬಂದದ್ದು ಅದಕ್ಕೇ. ಹಾಗಾಗಿ ಕಾರ್ಡ್ ಬದುಕಿದೆಯಾ ಅಂತ ತಿಳಿಯೋದಕ್ಕೆ ನಂಬಿಕೆಯ ದಾರಿ ಒಂದೇ, ನಿನ್ನೆ ರಾತ್ರಿಯ ಯಾವುದೋ ಒಂದು ಹೊತ್ತನ್ನ ಪ್ಲೇಬ್ಯಾಕ್‌ನಲ್ಲಿ ಓಡಿಸಿ ನೋಡೋದು. ನಾನು ನೋಡಿಕೊಳ್ಳೋ ಮನೆಗಳಲ್ಲಿ ಎಲ್ಲರಿಗೂ ಇದನ್ನೇ ಹೇಳ್ತೇನೆ, ವಾರಕ್ಕೊಮ್ಮೆ, ಊರಿಗೆ ಹೋದ್ರೆ ಎರಡು ದಿನಕ್ಕೊಮ್ಮೆ.

ಇನ್ನು ತಮ್ಮ ಹೇಳಿದ ಮಾತು. ಫೋನ್ ಕಾರ್ಡನ್ನ ಓದಿತು, ಸರಿ. ಆದ್ರೆ ಕ್ಯಾಮೆರಾಕ್ಕೆ ಬೇಕಾದದ್ದು ಓದೋದಲ್ಲ, ಬರೆಯೋದು. ಕಾರ್ಡ್ ಒಳಗೆ ಫ್ಲ್ಯಾಶ್ ಮೆಮೊರಿ ಜೊತೆಗೆ ಒಂದು ಪುಟ್ಟ ಕಂಟ್ರೋಲರ್ ಚಿಪ್ ಇರ್ತದೆ. ಮೆಮೊರಿಯ ಒಂದೊಂದು ಜಾಗ ಕೆಟ್ಟಾಗ ಅದು ಮೀಸಲಿಟ್ಟ ಜಾಗವನ್ನ ಅದರ ಬದಲಿಗೆ ಕೊಡ್ತಾ ಹೋಗ್ತದೆ. ಮೀಸಲು ಮುಗಿದ ಮೇಲೆ ಎಷ್ಟೋ ಕಾರ್ಡ್‌ಗಳು ‘ಇನ್ನು ಬರೆಯೋದು ಬೇಡ, ಇರೋದನ್ನ ಓದಿಕೊಳ್ಳಿ’ ಅನ್ನೋ ಸ್ಥಿತಿಗೆ ಹೋಗ್ತವೆ. ಇದನ್ನ ಕಂಡುಹಿಡಿಯೋದು ಹೇಗೆ ಅಂದ್ರೆ, ಒಂದು ಸಣ್ಣ ಫೈಲ್ ಕಾಪಿ ಮಾಡಿ, ಕಾರ್ಡ್ ತೆಗೆದು ಮತ್ತೆ ಹಾಕಿ, ಫೈಲ್ ಮಾಯ ಆಗಿರ್ತದೆ. ಫಾರ್ಮ್ಯಾಟ್ ಕೊಟ್ರೂ ‘ಸಕ್ಸಸ್’ ಅಂತ ಬರ್ತದೆ, ತೆಗೆದು ಹಾಕಿದ್ರೆ ಹಳೆ ವಿಡಿಯೋ ಎಲ್ಲ ಅಲ್ಲೇ ಕೂತಿರ್ತವೆ. ಇಂಥ ಕಾರ್ಡನ್ನ ಯಾವ ಸಾಫ್ಟ್‌ವೇರೂ ರಿಪೇರಿ ಮಾಡಲ್ಲ, ಅದರ ಆಯುಷ್ಯ ಮುಗೀತು. ನಿಮ್ಮದು 6ಕ್ಕೆ ನಿಂತು ಅದಕ್ಕೆ ಮೊದಲಿನದೆಲ್ಲ ಚೆನ್ನಾಗಿ ಓಡ್ತದೆ ಅಂದ್ರೆ ಇದೇ ಆಗಿರೋ ಸಂಭವ ಹೆಚ್ಚು. ಇಮೇಜ್ ಕಾಪಿ ಆದ ಮೇಲೆ ಈ ಪರೀಕ್ಷೆ ಮಾಡಿ, ಮೊದಲೇ ಬೇಡ.

ಫಾರ್ಮ್ಯಾಟ್ ಮಾಡಿದ್ರೆ ಕಾರ್ಡ್ ಹೊಸದಾಗ್ತದೆ ಅನ್ನೋ ನಂಬಿಕೆ ತುಂಬ ಜನಕ್ಕಿದೆ. ಫಾರ್ಮ್ಯಾಟ್‌ನಿಂದ ಸರಿಯಾಗೋದು ಕೆಟ್ಟುಹೋದ ಪಟ್ಟಿ ಮಾತ್ರ, ಅಂದ್ರೆ ಕರೆಂಟ್ ಹೋಗಿ ಅರ್ಧ ಬರೆದದ್ದು, ಕ್ಯಾಮೆರಾ ಆನ್ ಇರೋವಾಗಲೇ ಕಾರ್ಡ್ ಎಳೆದದ್ದು, ಇಂಥವು. ಸವೆದ ಮೆಮೊರಿ ಸವೆದದ್ದೇ. ಒಂದು ನೋಟ್‌ಬುಕ್‌ನ ಅದೇ ಹಾಳೆಯಲ್ಲಿ ಬರೆದು, ರಬ್ಬರ್‌ನಲ್ಲಿ ಉಜ್ಜಿ, ಮತ್ತೆ ಬರೆದು, ಮತ್ತೆ ಉಜ್ಜಿ ಅಂತ ಮಾಡ್ತಾ ಹೋದ್ರೆ ಒಂದು ದಿನ ಹಾಳೆ ತೂತು ಬೀಳ್ತದಲ್ಲ, ಅಷ್ಟೇ ವಿಷಯ. ಮೇಲಿನ ಲೆಕ್ಕದಲ್ಲೇ ಹೋದ್ರೆ ವರ್ಷಕ್ಕೆ ಸುಮಾರು 7.9 ಟಿಬಿ ಬರೀತದೆ ನಿಮ್ಮ ಕ್ಯಾಮೆರಾ, ಅಂದ್ರೆ 64 ಜಿಬಿ ಕಾರ್ಡ್ ವರ್ಷದಲ್ಲಿ 120ಕ್ಕೂ ಹೆಚ್ಚು ಸಲ ಪೂರ್ತಿ ತುಂಬಿ ಅಳಿಸಿ ತುಂಬ್ತದೆ. ಫೋನಲ್ಲಿ ಅದೇ ಕಾರ್ಡ್ ವರ್ಷಕ್ಕೆ ಒಂದೆರಡು ಸಲ ತುಂಬಿದ್ರೆ ಹೆಚ್ಚು. ಮತ್ತೆ ಇದು ಹೊರಗಿನಿಂದ ಕಾಣೋ ಲೆಕ್ಕ. ಫ್ಲ್ಯಾಶ್ ಮೆಮೊರಿಯಲ್ಲಿ ಸಣ್ಣ ತುಂಡು ಬರೀಬಹುದು, ಅಳಿಸೋದು ಮಾತ್ರ ಹಲವು ಎಂಬಿಯ ದೊಡ್ಡ ಬ್ಲಾಕ್ ಲೆಕ್ಕದಲ್ಲೇ, ಹಾಗಾಗಿ ಕ್ಯಾಮೆರಾ ಪ್ರತಿ ಸಲ ಪಟ್ಟಿಯಲ್ಲಿ ಒಂದು ಸಾಲು ತಿದ್ದಿದ್ರೂ ಒಳಗೆ ಅದಕ್ಕಿಂತ ಎಷ್ಟೋ ಪಟ್ಟು ಬರವಣಿಗೆ ನಡೀತದೆ. ಅಗ್ಗದ ಕಾರ್ಡ್‌ಗಳಲ್ಲಿ ಒಂದೊಂದು ಸೆಲ್‌ನಲ್ಲಿ 3 ಅಥವಾ 4 ಬಿಟ್ ತುರುಕಿರ್ತಾರೆ, ಜಾಗ ಜಾಸ್ತಿ ಸಿಗ್ತದೆ, ತಾಳಿಕೆ ಕಮ್ಮಿ.

ಅದಕ್ಕೇ ‘ಕ್ಲಾಸ್ 10 ಹಾಕಿ, ಫಾಸ್ಟ್ ಕಾರ್ಡ್ ಹಾಕಿ’ ಅನ್ನೋ ಸಲಹೆ ಗುರಿ ತಪ್ಪಿದ್ದು. ಕ್ಲಾಸ್ 10 ಅಂದ್ರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯೋ ವೇಗ, ಯು3 ಅಥವಾ ವಿ30 ಅಂದ್ರೆ 30 ಎಂಬಿ. ನಿಮ್ಮ ಕ್ಯಾಮೆರಾಕ್ಕೆ ಬೇಕಾದದ್ದು ಕಾಲು ಎಂಬಿ. ಈಗ ಬ್ರ್ಯಾಂಡೆಡ್ ಕಾರ್ಡ್ ಯಾವುದೇ ತಗೊಂಡ್ರೂ ವೇಗ ಬೇಕಾದಷ್ಟಿದೆ, ಡಬ್ಬಿ ಮೇಲೆ ನೋಡ್ಬೇಕಾದ ಶಬ್ದ ‘ಎಂಡ್ಯೂರೆನ್ಸ್’, ಅಂದ್ರೆ ತಾಳಿಕೆ. ಸ್ಯಾನ್‌ಡಿಸ್ಕ್‌ನಲ್ಲಿ ಹೈ ಎಂಡ್ಯೂರೆನ್ಸ್ ಮತ್ತು ಮ್ಯಾಕ್ಸ್ ಎಂಡ್ಯೂರೆನ್ಸ್ ಅಂತ ಎರಡಿವೆ, ಸ್ಯಾಮ್‌ಸಂಗ್‌ನಲ್ಲಿ ಪ್ರೋ ಎಂಡ್ಯೂರೆನ್ಸ್, ವೆಸ್ಟರ್ನ್ ಡಿಜಿಟಲ್‌ನಲ್ಲಿ ಪರ್ಪಲ್. ಕೆಲವಕ್ಕೆ ಇಷ್ಟು ಗಂಟೆ ರೆಕಾರ್ಡಿಂಗ್ ತಾಳ್ತದೆ ಅಂತ ಲೆಕ್ಕ ಕೊಟ್ಟಿರ್ತಾರೆ, ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ 64 ಜಿಬಿಗೆ 5,000 ಗಂಟೆ, ಮ್ಯಾಕ್ಸ್‌ನ 64 ಜಿಬಿಗೆ 30,000 ಗಂಟೆ. 5,000 ಗಂಟೆ ಅಂದ್ರೆ ಬರೀ ಏಳು ತಿಂಗಳಾಯ್ತಲ್ಲ ಅಂತ ಗಾಬರಿ ಬೇಡ, ಆ ಲೆಕ್ಕ ಸೆಕೆಂಡಿಗೆ 26 ಮೆಗಾಬಿಟ್‌ನ ವಿಡಿಯೋಗೆ ಹಾಕಿದ್ದು, ನಿಮ್ಮ ಕ್ಯಾಮೆರಾ ಬರೆಯೋದು ಅದರಲ್ಲಿ ಹತ್ತರಲ್ಲೊಂದು ಭಾಗಕ್ಕಿಂತಲೂ ಕಮ್ಮಿ. ಹಾಗಂತ ಹದಿಮೂರು ಪಟ್ಟು ಬಾಳ್ತದೆ ಅಂತಲೂ ಲೆಕ್ಕ ಹಾಕ್ಬೇಡಿ, ಸಣ್ಣ ಸಣ್ಣ ಬರವಣಿಗೆ ಒಳಗೊಳಗೆ ತಿನ್ನೋದನ್ನ ಆಗ್ಲೇ ಹೇಳಿದೆ. ನನ್ನ ಅನುಭವದಲ್ಲಿ 24 ಗಂಟೆ ರೆಕಾರ್ಡಿಂಗ್‌ಗೆ ಸಾಮಾನ್ಯ ಕಾರ್ಡನ್ನ ವರ್ಷಕ್ಕೆ, ಎಂಡ್ಯೂರೆನ್ಸ್ ಕಾರ್ಡನ್ನ ಎರಡು ಮೂರು ವರ್ಷಕ್ಕೆ ಬದಲಾಯಿಸಿಬಿಡೋದು ಒಳ್ಳೇದು, ಕೆಡೋವರೆಗೆ ಕಾಯೋದಲ್ಲ. ಸಾಮಾನ್ಯ ಕಾರ್ಡಿನ ವಾರಂಟಿ ಕಾಗದವನ್ನೂ ಒಮ್ಮೆ ಓದಿ, ನಿರಂತರ ರೆಕಾರ್ಡಿಂಗ್‌ಗೆ ಬಳಸಿದ್ರೆ ವಾರಂಟಿ ಇಲ್ಲ ಅಂತ ಹಲವರು ಬರೆದಿರ್ತಾರೆ.

ಕಾರ್ಡಿನ ಜಿಬಿ ಜಾಸ್ತಿಯಾದಷ್ಟೂ ಆಯುಷ್ಯವೂ ಜಾಸ್ತಿ, ಇದು ಎಷ್ಟೋ ಜನಕ್ಕೆ ಹೊಳೆಯಲ್ಲ. ಅದೇ 21.6 ಜಿಬಿ 128 ಜಿಬಿ ಕಾರ್ಡಲ್ಲಿ ಹಂಚಿಹೋದ್ರೆ ಪ್ರತಿ ಜಾಗದ ಮೇಲೆ ಬೀಳೋ ಪೆಟ್ಟು ಅರ್ಧ ಆಗ್ತದೆ. ನಿಮ್ಮ ಕ್ಯಾಮೆರಾ ಎಷ್ಟರವರೆಗೆ ತಗೊಳ್ತದೆ ಅನ್ನೋದು ಮಾತ್ರ ಡಬ್ಬಿ ಮೇಲೆ ನೋಡಿ, 128 ಅಂತ ಬರೆದಿದ್ದಲ್ಲಿ 256 ಹಾಕಿ ಕೆಲವು ಸಲ ನಡೀತದೆ, ಕೆಲವು ಸಲ ಒಂದು ಹಂತಕ್ಕೆ ಬಂದು ನಿಲ್ತದೆ, ಆ ಅಪಾಯ ಬೇಡ. ‘128 ಅಂತ ಕೊಟ್ಟು 119 ತೋರಿಸ್ತದೆ, ಮೋಸ’ ಅನ್ನೋರಿಗೆ ಒಂದು ಮಾತು, ಅದು ಮೋಸ ಅಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸ್ತದೆ, ಕಂಪ್ಯೂಟರ್ 1,024ರ ಲೆಕ್ಕದಲ್ಲಿ. 64ಕ್ಕೆ 59 ಚಿಲ್ಲರೆ ಕಾಣೋದೂ ಹಾಗೇ.

ನಿಜವಾದ ಮೋಸ ಬೇರೆ ಇದೆ, ಅದು ನಕಲಿ ಕಾರ್ಡ್. ಹೊರಗೆ 128 ಅಂತ ಪ್ರಿಂಟ್, ಒಳಗೆ 8 ಅಥವಾ 16 ಜಿಬಿ ಮೆಮೊರಿ, ಕಂಟ್ರೋಲರ್‌ಗೆ ಸುಳ್ಳು ಹೇಳ್ಲಿಕ್ಕೆ ಕಲಿಸಿರ್ತಾರೆ. ಕ್ಯಾಮೆರಾವೂ ನಂಬ್ತದೆ, ಆ್ಯಪ್‌ನಲ್ಲೂ 119 ಜಿಬಿ ತೋರಿಸ್ತದೆ, ಆದ್ರೆ 16 ದಾಟಿದ ಕೂಡ್ಲೇ ಹಳೇದರ ಮೇಲೇ ಬರೆದು ಎರಡೂ ಕೆಡ್ತವೆ. ಟೈಮ್‌ಲೈನ್‌ನಲ್ಲಿ ಪಟ್ಟಿ ತುಂಬಿ ಕಾಣ್ತದೆ, ಒತ್ತಿದ್ರೆ ವಿಡಿಯೋ ಓಡಲ್ಲ ಅಂದ್ರೆ ಇದೇ ಅನುಮಾನ ಪಡಿ. ಫುಟ್‌ಪಾತ್‌ನಲ್ಲಿ ಅರ್ಧ ಬೆಲೆಗೆ ಸಿಗೋದನ್ನ ಬಿಟ್ಟುಬಿಡಿ, ಬಿಲ್ ಕೊಡೋ ಅಂಗಡಿಯಲ್ಲೇ ತಗೊಳ್ಳಿ, ಆನ್‌ಲೈನ್ ಆದ್ರೆ ಮಾರುವವರ ಹೆಸರು ನೋಡಿ. ಎಲ್ಲೇ ತಗೊಂಡ್ರೂ ಕ್ಯಾಮೆರಾಕ್ಕೆ ಹಾಕೋ ಮೊದಲು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸ್ ಆದ್ರೆ ಎಫ್3, ಎರಡೂ ಉಚಿತ, ಇಡೀ ಕಾರ್ಡನ್ನ ಬರೆದು ಓದಿ ಹೋಲಿಸಿ ಎಷ್ಟು ಜಿಬಿ ನಿಜ ಅಂತ ಹೇಳ್ತವೆ. ಗಂಟೆಗಳೇ ಹಿಡೀತದೆ, ರಾತ್ರಿ ಹಾಕಿ ಮಲಗಿ. ಈ ಒಂದು ಪರೀಕ್ಷೆ ಮಾಡದೆ ನಾನು ಯಾರ ಮನೆಗೂ ಕಾರ್ಡ್ ಹಾಕಲ್ಲ.

ಈಗ ಅತ್ತೆಯವ್ರು ಹೇಳಿದ್ದಕ್ಕೆ ಬರ್ತೇನೆ, ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ ಸಾಲು. ತಿರುಗೋ ಕ್ಯಾಮೆರಾ ಆನ್ ಆಗೋವಾಗ ಒಂದು ಸಲ ಆ ತುದಿಯಿಂದ ಈ ತುದಿವರೆಗೆ ತಿರುಗಿ, ತನ್ನ ಮೋಟಾರ್ ಎಲ್ಲಿದೆ ಅಂತ ಅಳೆದು, ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ತದೆ. ರಾತ್ರಿ ಅದು ತಾನಾಗೇ ಹೀಗೆ ಮಾಡ್ತದೆ ಅಂದ್ರೆ ನಡುರಾತ್ರಿ ಆಫ್ ಆಗಿ ಆನ್ ಆಗ್ತಿರೋ ಸಂಭವ ಹೆಚ್ಚು. ಅತ್ತೆಯವ್ರು ನಿಮ್ಮೆಲ್ಲರಿಗಿಂತ ಮೊದ್ಲೇ ಕ್ಯಾಮೆರಾದ ಕಾಯಿಲೆ ಪತ್ತೆ ಹಚ್ಚಿದ್ರು. ಹ್ಯಾಕ್ ಮಾಡಿದವರು ತಿರುಗಿಸಿದ್ರೆ ಎಲ್ಲೋ ಒಂದು ಕಡೆ ನಿಲ್ಲಿಸಿ ನೋಡ್ತಾರೆ, ಪ್ರತಿ ಸಲ ಎರಡೂ ತುದಿ ಮುಟ್ಟಿ ವಾಪಸ್ ಅದೇ ಜಾಗಕ್ಕೆ ತರಲ್ಲ. ಆದ್ರೂ ಅವರ ಸಮಾಧಾನಕ್ಕೆ ಮತ್ತು ಒಳ್ಳೇದಕ್ಕೆ ಆ್ಯಪ್ ಪಾಸ್‌ವರ್ಡ್ ಬದಲಾಯಿಸಿ, ಒಟಿಪಿ ಕೇಳೋ ಎರಡು ಹಂತದ ಲಾಗಿನ್ ಇದ್ರೆ ಆನ್ ಮಾಡಿ, ಯಾರ್ಯಾರ ಫೋನಿಗೆ ಶೇರ್ ಆಗಿದೆ ಅಂತಲೂ ನೋಡಿ.

ರಾತ್ರಿಯೇ ಯಾಕೆ? ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ಎಲ್‌ಇಡಿ ಉರೀತವೆ, ಆಗ ಕರೆಂಟ್ ಜಾಸ್ತಿ ಬೇಕು. ಬಾಗಿಲ ಮೇಲೆ ಹಾಕೋವಾಗ ಪ್ಲಗ್ ಹಾಲ್‌ನಲ್ಲಿರ್ತದೆ, ಕಂಪನಿ ಕೊಟ್ಟ ವೈರ್ ಸಾಲಲ್ಲ, ಹಾಕಿದವ್ರು ಐದು ಮೀಟರ್‌ನ ತೆಳ್ಳಗಿನ ಯುಎಸ್‌ಬಿ ವೈರ್ ಎಳೆದುಬಿಡ್ತಾರೆ. ಠಾಣೆಯ ಒಂದು ಮನೆಯಲ್ಲಿ ಹೀಗೇ ದೂರು ಬಂದಾಗ ಮೀಟರ್ ಹಿಡಿದು ನೋಡಿದ್ವಿ, ಅಡಾಪ್ಟರ್ ಹತ್ರ 5.1 ವೋಲ್ಟ್, ಕ್ಯಾಮೆರಾ ತುದಿಯಲ್ಲಿ ಹಗಲು 4.8, ಹಾಲ್‌ನ ಲೈಟ್ ಆರಿಸಿ ಲೆನ್ಸ್ ಮೇಲೆ ಬಟ್ಟೆ ಹಾಕಿದ ಕೂಡ್ಲೇ ಟಿಕ್ ಅಂತ ಸದ್ದು, ಕೆಂಪು ಚುಕ್ಕಿಗಳು ಹತ್ತಿಕೊಂಡ್ವು, ಮೀಟರ್ 4.4ಕ್ಕೆ ಇಳೀತು, ಕ್ಯಾಮೆರಾ ರೀಸ್ಟಾರ್ಟ್. ಯುಎಸ್‌ಬಿಯಲ್ಲಿ 5 ವೋಲ್ಟ್ ಅಂದ್ರೆ 4.75ಕ್ಕಿಂತ ಕೆಳಗೆ ಹೋಗಬಾರ್ದು. ಹೀಗೆ ರೀಸ್ಟಾರ್ಟ್ ಆದಾಗಲೆಲ್ಲ ಕಾರ್ಡ್ ಮೇಲೆ ಅರ್ಧ ಬರೆದ ಪಟ್ಟಿ ಉಳೀತದೆ, ಒಂದು ದಿನ ಪಟ್ಟಿಯೇ ಕೆಡ್ತದೆ. ಮನೆಯವ್ರು ಕಾರ್ಡ್ ಮೇಲೆ ಕಾರ್ಡ್ ಹಾಕಿಸ್ತಾ ಇರ್ತಾರೆ, ರೋಗ ವೈರ್‌ನಲ್ಲಿ. ನಿಮ್ಮಲ್ಲೂ ಎರಡು ಕಾರ್ಡ್ ಬೇಗ ಬೇಗ ಹೋಗಿದ್ದು ನೋಡಿದ್ರೆ ಸವೆತದ ಜೊತೆ ಇದೂ ಸೇರಿದೆ ಅಂತ ನನ್ನ ಅಭಿಪ್ರಾಯ. ಪರೀಕ್ಷೆ ಸುಲಭ, ಎರಡು ರಾತ್ರಿ ಕ್ಯಾಮೆರಾವನ್ನ ಕಂಪನಿ ಕೊಟ್ಟ ಅಡಾಪ್ಟರ್ ಮತ್ತು ಗಿಡ್ಡ ವೈರ್‌ನಲ್ಲಿ ಹಾಲ್‌ನಲ್ಲೇ ಇಟ್ಟು ಕತ್ತಲು ಮಾಡಿ ನೋಡಿ, ತಿರುಗೋದು ನಿಂತ್ರೆ ವೈರ್‌ದೇ ತಪ್ಪು. ಆಗ 230 ವೋಲ್ಟ್‌ನ ಪ್ಲಗ್ ಪಾಯಿಂಟನ್ನೇ ಎಲೆಕ್ಟ್ರಿಷಿಯನ್ ಹತ್ರ ಬಾಗಿಲ ಮೇಲಿನವರೆಗೆ ತರಿಸಿ, 5 ವೋಲ್ಟ್‌ನ ವೈರ್ ಒಂದು ಮೀಟರ್ ಒಳಗಿರ್ಲಿ.

ಕರೆಂಟ್ ಹೋಗಿ ಬರೋ ಜಾಗ ಆದ್ರೆ ರೌಟರ್‌ಗೆ ಹಾಕೋ ಮಿನಿ ಯುಪಿಎಸ್ ಸಿಗ್ತದಲ್ಲ, 5 ವೋಲ್ಟ್ ಔಟ್‌ಪುಟ್ ಕೂಡ ಇರೋದು ತಗೊಂಡ್ರೆ ಕ್ಯಾಮೆರಾ ರೌಟರ್ ಎರಡೂ ಅದರ ಮೇಲೆ ನಡೀತವೆ. ಕಾರ್ಡಿಗೂ ಒಳ್ಳೇದು, ಕರೆಂಟ್ ಇಲ್ಲದ ಹೊತ್ತಲ್ಲೇ ಯಾರಾದ್ರೂ ಬಂದ್ರೆ ಮೊಬೈಲಿಗೆ ಅಲರ್ಟೂ ಬರ್ತದೆ.

ಮಳೆಗಾಲ ಮತ್ತು ಬಿಸಿಲಿನ ಬಗ್ಗೆ ಚಿಕ್ಕದಾಗಿ. ವಾಸ್ಕೋದಲ್ಲಿ ಸಮುದ್ರದ ಕಡೆ ಬಾಲ್ಕನಿಯಲ್ಲಿ ಒಳಾಂಗಣದ ಕ್ಯಾಮೆರಾ ಹಾಕಿದ್ದ ಒಬ್ರ ಕಾರ್ಡ್ ತೆಗೆದಾಗ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಹಸಿರು ಕಲೆ ಕೂತಿತ್ತು, ಉಪ್ಪುಗಾಳಿ. ಇಂಥದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು, ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜೋ ಅಭ್ಯಾಸ ಬಿಡಿ, ಆ ಲೇಪ ತುಂಬ ತೆಳು. ಸುಮ್ಸುಮ್ನೆ ತಿಂಗಳಿಗೊಮ್ಮೆ ತೆಗೆದು ಒರೆಸೋದೂ ಬೇಡ, ಸ್ಲಾಟ್‌ನ ಸ್ಪ್ರಿಂಗ್ ಸಡಿಲ ಆಗ್ತದೆ. ಬಿಸಿಲು ಇನ್ನೂ ಕೆಟ್ಟದ್ದು, ಪುಣೆಯಲ್ಲಿ ಪಶ್ಚಿಮದ ಕಿಟಕಿಗೆ ಒತ್ತಿ ಇಟ್ಟ ಕ್ಯಾಮೆರಾಗಳು ಏಪ್ರಿಲ್‌ನಲ್ಲಿ ಮುಟ್ಲಿಕ್ಕಾಗದಷ್ಟು ಕಾಯ್ತವೆ, ಒಳಾಂಗಣದ ಮಾಡೆಲ್‌ಗಳು ಸಾಮಾನ್ಯವಾಗಿ 40 ಡಿಗ್ರಿವರೆಗೆ ಅಂತಲೇ ಬರೆದಿರ್ತಾರೆ. ನಿಮ್ಮ ಪ್ಯಾಸೇಜ್‌ಗೆ ಇವೆರಡೂ ದೊಡ್ಡ ಸಮಸ್ಯೆ ಅಲ್ಲ.

ಹಾಗಾದ್ರೆ ಮುಂದೆ ಏನು ಹಾಕೋದು. ಮೂರು ದಾರಿ ಇವೆ. ಒಂದು, ಈಗಿನ ಕ್ಯಾಮೆರಾಕ್ಕೇ 128 ಜಿಬಿ ಎಂಡ್ಯೂರೆನ್ಸ್ ಕಾರ್ಡ್. ಖರ್ಚು ಕಮ್ಮಿ, ಆದ್ರೆ ಕಳ್ಳ ಕ್ಯಾಮೆರಾವನ್ನೇ ಕಿತ್ಕೊಂಡು ಹೋದ್ರೆ ಕಾರ್ಡೂ ಹೋಯ್ತು, ನಿಮ್ಮ ಪ್ಯಾಸೇಜ್‌ನಲ್ಲಿ ಕೈಗೆಟುಕೋ ಎತ್ತರ ಅಂದ್ರೆ ಈ ಅಪಾಯ ನಿಜ. ಎರಡು, ಕಂಪನಿಯ ಕ್ಲೌಡ್. ಕ್ಯಾಮೆರಾ ಹೋದ್ರೂ ವಿಡಿಯೋ ಉಳೀತದೆ, ಆದ್ರೆ ತಿಂಗಳು ತಿಂಗಳು ದುಡ್ಡು, ಹೆಚ್ಚಿನವು ಅಲುಗಾಟ ಕಂಡಾಗಿನ ತುಣುಕು ಮಾತ್ರ ಇಡ್ತವೆ, ಇಂಟರ್ನೆಟ್ ನಿಂತ್ರೆ ಅದೂ ಇಲ್ಲ, ಮತ್ತೆ ನಿಮ್ಮ ವಿಡಿಯೋ ಬೇರೆಯವ್ರ ಸರ್ವರ್‌ನಲ್ಲಿ ಕೂತಿರ್ತದೆ, ಬಾಗಿಲ ಹೊರಗಿನದಾದ್ರೆ ಪರ್ವಾಗಿಲ್ಲ, ಬೆಡ್‌ರೂಮ್ ಹಾಲ್‌ನದ್ದಾದ್ರೆ ನಾನಂತೂ ಬೇಡ ಅಂತೀನಿ. ಮೂರನೇದು ಎನ್‌ವಿಆರ್, ಅಂದ್ರೆ ನೆಟ್‌ವರ್ಕ್ ಮೂಲಕ ಕ್ಯಾಮೆರಾದ ವಿಡಿಯೋ ರೆಕಾರ್ಡ್ ಮಾಡೋ ಪೆಟ್ಟಿಗೆ, ಕಣ್ಗಾವಲಿಗೆ ಅಂತಲೇ ಮಾಡಿದ ಹಾರ್ಡ್‌ಡಿಸ್ಕ್ ಹಾಕಿ ಮನೆಯೊಳಗೆ ಇಡೋದು, ಕ್ಯಾಮೆರಾದಲ್ಲಿ ಒಎನ್‌ವಿಐಎಫ್ (ಬೇರೆ ಬೇರೆ ಕಂಪನಿಯ ಸಾಧನಗಳನ್ನ ಜೋಡಿಸೋ ವ್ಯವಸ್ಥೆ) ಸೌಲಭ್ಯ ಇದ್ರೆ ಸೇರಿಸಬಹುದು. ತಿಂಗಳ ರೆಕಾರ್ಡಿಂಗ್ ಆರಾಮಾಗಿ ಸಿಗ್ತದೆ, ಖರ್ಚು ಜಾಸ್ತಿ, ಒಂದೇ ಕ್ಯಾಮೆರಾ ಇರೋ ಮನೆಗೆ ಅಷ್ಟು ಬೇಕಾಗಲ್ಲ. ನಿಮಗೆ ನಾನು ಹೇಳೋದು ಮೊದಲನೇದು, ಜೊತೆಗೆ ಊರಿಗೆ ಹೋಗೋ ತಿಂಗಳು ಮಾತ್ರ ಎರಡನೇದು.

ಊರಿಗೆ ಹೊರಡೋ ಹಿಂದಿನ ದಿನ ಸೆಟ್ಟಿಂಗನ್ನ 24 ಗಂಟೆಯಿಂದ ಮೋಷನ್ ರೆಕಾರ್ಡಿಂಗ್‌ಗೆ, ಅಂದ್ರೆ ಅಲುಗಾಟ ಕಂಡಾಗ ಮಾತ್ರ ಬರೆಯೋದಕ್ಕೆ, ಬದಲಾಯಿಸಿ. ಮೂರು ದಿನ ಬರ್ತಿದ್ದ ಕಾರ್ಡ್ ಆಗ ವಾರಗಟ್ಟಲೆ ಬರ್ತದೆ, ಯಾಕಂದ್ರೆ ಖಾಲಿ ಪ್ಯಾಸೇಜ್‌ನ ಚಿತ್ರ ಬರೀಬೇಕಾಗಿಲ್ಲ. ಇದರ ತೊಂದ್ರೆಯೂ ಇದೆ, ಅಗ್ಗದ ಕ್ಯಾಮೆರಾಗಳು ಮೊದಲ ಕೆಲವು ಸೆಕೆಂಡ್ ತಪ್ಪಿಸ್ತವೆ, ಸೆನ್ಸಿಟಿವಿಟಿ ಕಮ್ಮಿ ಇದ್ರೆ ಮನುಷ್ಯನೇ ಬಂದ್ರೂ ಗಮನಿಸಲ್ಲ. ಅದಕ್ಕೆ ಒಂದು ವಾರ ಮೊದ್ಲೇ ಹಾಕಿ, ಮಗನ ಹತ್ರ ಸೈಕಲ್ ತಳ್ಕೊಂಡು ಎರಡು ಸಲ ಓಡಾಡಿಸಿ, ಮುಖ ಬಂತಾ ನೋಡಿ. ಆ್ಯಪ್‌ನಲ್ಲಿ ಗಮನಿಸಬೇಕಾದ ಜಾಗ ಗೆರೆ ಎಳೆಯೋ ಆಯ್ಕೆ ಇದ್ರೆ ನಿಮ್ಮ ಬಾಗಿಲ ಮುಂದಿನದಷ್ಟೇ ಹಾಕಿ, ಎದುರು ಮನೆಯವ್ರು ಹೊರಗೆ ಬಂದಾಗಲೆಲ್ಲ ರೆಕಾರ್ಡ್ ಆಗೋದು ಅವರಿಗೂ ಚೆನ್ನಾಗಿರಲ್ಲ, ಕಾರ್ಡೂ ಸುಮ್ಮನೆ ತುಂಬ್ತದೆ. ನೋಟಿಫಿಕೇಶನ್ ಆನ್ ಇರ್ಲಿ, ಏನಾದ್ರೂ ಕಂಡ್ರೆ ಆ ಕ್ಷಣವೇ ಆ ತುಣುಕನ್ನ ಫೋನಿಗೆ ಡೌನ್‌ಲೋಡ್ ಮಾಡಿಬಿಡಿ. ವಾಪಸ್ ಬಂದ ಮೇಲೆ ಬಾಗಿಲಿನದ್ದನ್ನ ಮತ್ತೆ 24 ಗಂಟೆಗೆ ಹಾಕ್ಬಹುದು, ಮನೆಯೊಳಗಿನ ಕ್ಯಾಮೆರಾ ಇದ್ರೆ ಅದು ಯಾವಾಗ್ಲೂ ಮೋಷನ್‌ನಲ್ಲೇ ಇರ್ಲಿ.

ಹೊಸ ಕಾರ್ಡ್ ಹಾಕೋವಾಗ ಕ್ಯಾಮೆರಾ ಆಫ್, ಕಾರ್ಡ್ ಒಳಗೆ, ಆಮೇಲೆ ಆನ್, ಫಾರ್ಮ್ಯಾಟ್ ಕ್ಯಾಮೆರಾದ ಆ್ಯಪ್‌ನಿಂದಲೇ. ಫೋನಲ್ಲೋ ಕಂಪ್ಯೂಟರಲ್ಲೋ ಮಾಡಿದ್ರೆ 32 ಜಿಬಿಗಿಂತ ದೊಡ್ಡ ಕಾರ್ಡ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಆಗ್ತದೆ, ಎಷ್ಟೋ ಕ್ಯಾಮೆರಾಕ್ಕೆ ಬೇಕಾದದ್ದು ಫ್ಯಾಟ್32 (ಎರಡೂ ಕಾರ್ಡಲ್ಲಿ ಫೈಲ್ ಜೋಡಿಸೋ ಬೇರೆ ಬೇರೆ ಪದ್ಧತಿ), ಆಗ ಕಾರ್ಡ್ ಹೊಸದಿದ್ರೂ ‘ಅಬ್‌ನಾರ್ಮಲ್’ ಅಂತ ಬರ್ತದೆ. ಮಾರ್ಕರ್ ಪೆನ್ನಲ್ಲಿ ಅಡಾಪ್ಟರ್ ಮೇಲೆ ಕಾರ್ಡ್ ಹಾಕಿದ ತಿಂಗಳು ವರ್ಷ ಬರೀರಿ.

ಹಳೆ ಕಾರ್ಡ್ ಏನು ಮಾಡೋದು ಅಂದ್ರೆ, ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ರೆ ಅದು ಮುಗಿಯೋವರೆಗೆ ಕವರ್‌ನಲ್ಲೇ ಇರ್ಲಿ. ಸೊಸೈಟಿ ವಿಡಿಯೋ ಸಿಕ್ಕಿದ್ರೂ ಅಷ್ಟೇ, ಮೊಬೈಲಲ್ಲಿ ಸ್ಕ್ರೀನ್ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದು ತನಿಖೆಗೆ ಸುಳಿವಾಗ್ತದೆ, ಕೋರ್ಟಿಗೆ ಸಾಲಲ್ಲ, ಮೂಲ ಫೈಲ್ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆ ಜೊತೆ ಒಂದು ಸರ್ಟಿಫಿಕೇಟ್ ಕೊಡ್ಬೇಕಾಗ್ತದೆ, ಸ್ಟೇಷನ್‌ನಲ್ಲಿ ಕೇಳಿದ್ರೆ ಹೇಳ್ತಾರೆ. ಇದೆಲ್ಲ ಮುಗಿದ ಮೇಲೆ ಆ ಕಾರ್ಡನ್ನ ಹಾಗೇ ಕಸಕ್ಕೆ ಹಾಕ್ಬೇಡಿ, ವಾರಂಟಿಗೆ ಅಂತ ಅಂಗಡಿಗೂ ಯೋಚನೆ ಮಾಡಿ ಕೊಡಿ, ಬರೆಯೋದು ನಿಂತ ಕಾರ್ಡಲ್ಲಿ ಅಳಿಸೋದೂ ಆಗಲ್ಲ, ನಿಮ್ಮ ಮನೆಗೆ ಯಾರು ಎಷ್ಟು ಹೊತ್ತಿಗೆ ಬರ್ತಾರೆ ಹೋಗ್ತಾರೆ ಅನ್ನೋದೆಲ್ಲ ಅದರಲ್ಲಿ ಓದೋ ಹಾಗೇ ಇರ್ತದೆ. ಕತ್ತರಿಯಲ್ಲಿ ಮಧ್ಯಕ್ಕೆ ಎರಡು ತುಂಡು ಮಾಡಿ, ಆಮೇಲೆ ಇ-ವೇಸ್ಟ್‌ಗೆ ಕೊಡಿ.